ರಾಚಪ್ಪನ ವಾಲ್ವ್

ಇಂಡಿ ಪಟ್ಟಣದ ನಿಂಬೆಹಣ್ಣಿನ ಮಾರುಕಟ್ಟೆ ಕಚೇರಿಯ ಗುಮಾಸ್ತ ರಾಚಪ್ಪನ ಕಾಫಿ ಯಂತ್ರ ಆ ದಿನ ಬೆಳಿಗ್ಗೆ ಎರಡು ಸಲ ಕೆಮ್ಮಿ, ಒಂದು ಸಲ ಸೀನಿ, ಆಮೇಲೆ ಸುಮ್ಮನಾಯಿತು. ಹಾಲಿಗೆ ಹೋಗಬೇಕಾದ ಹಬೆ ತಳದಿಂದ ಹೊರಟು ಅವನ ಬನಿಯನ್ನಿನ ಮೇಲೆ ಕಂದು ಬಣ್ಣದ ನಕಾಶೆ ಬರೆಯಿತು.

ಇಡೀ ಓಣಿ ಚಹಾ ಕುಡಿಯುತ್ತಿತ್ತು. ರಾಚಪ್ಪ ಒಬ್ಬನೇ ಕಾಫಿಯವನು. ಯಾವುದೋ ತರಬೇತಿಗೆಂದು ಮೈಸೂರಿಗೆ ಹೋದವನು ಅಲ್ಲಿ ಕಲಿಯಬೇಕಾದ್ದನ್ನು ಅಲ್ಲೇ ಬಿಟ್ಟು, ಕಾಫಿಯ ರುಚಿಯೊಂದನ್ನು ಹತ್ತಿಸಿಕೊಂಡು ಬಂದಿದ್ದ. ಬಿಜಾಪುರದ ವಸ್ತುಪ್ರದರ್ಶನದಲ್ಲಿ ಕೊಂಡ ಆ ಯಂತ್ರ ಸೊಂಡಿಲು ಮೂಡಿದ ಕುಕ್ಕರಿನಂತಿತ್ತು. ಅದರ ಹೆಸರು ಎಸ್ಪ್ರೆಸ್ಸೊ ಎಂದು ಅವನು ಎಷ್ಟು ತಿದ್ದಿದರೂ ಓಣಿಯವರು ಎಕ್ಸ್‌ಪ್ರೆಸ್ ಎಂದೇ ಕರೆಯುತ್ತಿದ್ದರು. ಅದು ಕೂಗಿದ ದಿನ ತನ್ನ ಎಮ್ಮೆ ಹಾಲು ಇಳಿಸುವುದಿಲ್ಲವೆಂದು ಎದುರುಮನೆಯ ಚಂದವ್ವನ ದೂರು. ಕೂಗದ ದಿನವೂ ಆ ಎಮ್ಮೆ ಹೆಚ್ಚೇನೂ ಹಾಲು ಇಳಿಸುತ್ತಿರಲಿಲ್ಲ.

ಅವನ ಹೆಂಡತಿ ಜಯಮಾಲಾ ಆ ಯಂತ್ರವನ್ನು ಮುಟ್ಟುತ್ತಿರಲಿಲ್ಲ. ಅದು ಬಂದ ದಿನ ಅವಳು ಒಂದೇ ಮಾತು ಹೇಳಿದ್ದಳು. "ಇನ್ನೊಂದ ಮಶಿನ್ ಈ ಹೊಸ್ತಿಲಾ ದಾಟಿ ಒಳಗ ಬಂತಂದ್ರ, ನಾ ಅದ ಹೊಸ್ತಿಲಾ ದಾಟಿ ಹೂವಿನ ಹಿಪ್ಪರಗಿಗೆ ಹೋಗ್ತೇನಿ ನೋಡ್ರಿ."

ಹೂವಿನ ಹಿಪ್ಪರಗಿ ಅವಳ ತವರು. ಜಯಮಾಲಾ ಒಂದು ಮಾತನ್ನು ಎರಡು ಸಲ ಹೇಳುವ ಹೆಂಗಸಲ್ಲ. ಮನೆಯಲ್ಲಿ ಕಪಾಟು ಕೊಳ್ಳಲೆಂದು ಕೂಡಿಟ್ಟ ಹಣವಿತ್ತು. ಅದನ್ನು ನೋಡುವಾಗ ಜಯಮಾಲಾಳ ಕಣ್ಣಿಗೆ ಕಪಾಟು ಕಾಣುತ್ತಿತ್ತು, ರಾಚಪ್ಪನ ಕಣ್ಣಿಗೆ ಕಾಫಿಯ ನೊರೆ.

ಅವನು ಅಂಗಿ ತೊಟ್ಟು ಮೋದಿನಸಾಬನ ಎಸ್‌ಟಿಡಿ ಬೂತಿಗೆ ಹೋದ. ಬೂತಿನ ಬಾಗಿಲು ಮುಚ್ಚುತ್ತಿರಲಿಲ್ಲ. ಲೈನು ಸರಿಯಿಲ್ಲದ್ದರಿಂದ ಕೂಗದೆ ವಿಧಿಯೂ ಇರಲಿಲ್ಲ. ಮುದ್ದೇಬಿಹಾಳದಲ್ಲಿರುವ ಮಗಳಿಗೆ ಫೋನ್ ಮಾಡಲು ಬಂದ ಚಂದವ್ವ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ರಾಚಪ್ಪ ಕರೆ ಮಾಡಿದ್ದು ಸೋಲಾಪುರದ ನಿಜಾಮುದ್ದೀನನಿಗೆ. ಕಾಫಿ ಯಂತ್ರ ಮಾರುವ, ರಿಪೇರಿ ಮಾಡುವ ಅಂಗಡಿ ಅವನದು. ಚಂದವ್ವನಿಗೆ ಕೇಳಿಸಿದ್ದು ಈ ಕಡೆಯ ಮಾತಷ್ಟೇ.

"ಹಲೋ ಭಾಯಿ! ನಾ ಇಂಡಿ ರಾಚಪ್ಪ! ಪ್ರೆಶರ್ ಪೂರಾ ಬಿದ್ದಬಿಟ್ಟೈತ್ರಿ! ಮುಂಜಾನೆದ್ದು ನೋಡ್ತೇನಿ, ವಾಲ್ವ್ ಹೋಗೈತಿ! ... ಹೌದ್ರಿ, ಒಳಗೆಲ್ಲಾ ಬ್ಲಾಕ್ ಆಗೈತಿ ... ವಾಲ್ವ್ ಅಷ್ಟ ಬದ್ಲಿ ಮಾಡಿದ್ರ ಎಷ್ಟ ದಿನಾ ಬಾಳ್ತೈತ್ರಿ? ... ಅಷ್ಟನಾ? ... ಪೂರಾ ಹೊಸಾದ ಹಾಕ್ಸಿದ್ರ? ಪಂಪಿಂದು? ... ಇಲ್ರಿ, ಮನ್ಯಾಗ ಹೇಳಿಲ್ಲ. ಆಕಿಗಿ ಗೊತ್ತಾದ್ರ ಮುಗೀತು ... ಸಂಜೀತನಾ ವಿಚಾರ ಮಾಡಿ ಹೇಳ್ತೇನಿ. ಸೋಲಾಪುರಕ್ಕ ಬರೂದಂತೂ ಬಂದೈತಿ."

ಇಂಡಿಯ ಜನ ಸೋಲಾಪುರಕ್ಕೆ ಹೋಗುವುದು ಎರಡು ಕಾರಣಕ್ಕೆ: ಮದುವೆಯ ಜವಳಿಗೆ, ಇಲ್ಲವೆ ಎದೆಯ ಆಪರೇಷನ್ನಿಗೆ. ರಾಚಪ್ಪನ ಮನೆಯಲ್ಲಿ ಮದುವೆ ಇರಲಿಲ್ಲ.

ಅವನು ಹೊರಬಂದಾಗ ಚಂದವ್ವ ಎದ್ದು ನಿಂತಳು. ಎಂದೂ ಅವನಿಗಾಗಿ ಎದ್ದವಳಲ್ಲ. "ಹುಷಾರ ಹೋಗೋ ತಮ್ಮಾ," ಎಂದಳು. "ಮೆಟ್ಟಲಾ ಐತಿ, ಸಾವಕಾಶ ಇಳಿ."

ಆಮೇಲೆ ಅವಳು ಮಗಳಿಗೆ ಫೋನ್ ಹಚ್ಚಿದಳು. ಹೀಗಾಗಿ ರಾಚಪ್ಪನ ಎದೆರೋಗದ ಸುದ್ದಿ ಮೊದಲು ಮುಟ್ಟಿದ್ದು ಮುದ್ದೇಬಿಹಾಳಕ್ಕೆ. ಇಂಡಿಗೆ ಆಮೇಲೆ.

ರಾಚಪ್ಪ ಊರು ಸುತ್ತು ಹಾಕಿಕೊಂಡು, ಅಡ್ಡಾದಿಡ್ಡಿ ನಡೆದು ಕಚೇರಿ ಸೇರಿದ. ಹಳೆಯದಕ್ಕೆ ವಾಲ್ವ್ ಹಾಕಿಸಲೇ, ಪಂಪಿನ ಹೊಸ ಯಂತ್ರ ಕೊಳ್ಳಲೇ? ವಾಲ್ವ್ ಹಾಕಿಸಿದರೆ ಮನೆ ಉಳಿಯುತ್ತದೆ, ಕೆಲವೇ ದಿನದಲ್ಲಿ ಕಾಫಿ ಹೋಗುತ್ತದೆ. ಪಂಪಿನದು ತಂದರೆ ಕಾಫಿ ಉಳಿಯುತ್ತದೆ, ಹೆಂಡತಿ ಹೋಗುತ್ತಾಳೆ. ಈ ಚಿಂತೆಯಲ್ಲಿ ಅವನು ಕುರ್ಚಿಯಲ್ಲಿ ಕೂತು ಎದೆಯ ಮೇಲೆ ಕೈಯಿಟ್ಟುಕೊಂಡು ನಿಟ್ಟುಸಿರು ಬಿಟ್ಟ. ಇಡೀ ಕಚೇರಿ ಪೆನ್ನು ಕೆಳಗಿಟ್ಟಿತು.

ಸಾಹೇಬರಾದ ಗುರಲಿಂಗಪ್ಪನವರು ತಾವೇ ಎದ್ದು ಅವನ ಮೇಜಿನ ಬಳಿ ಬಂದರು. ಧ್ವನಿ ತಗ್ಗಿಸಿ ಕೇಳಿದರು. "ಸೋಲಾಪುರಕ್ಕ ಹೊಂಟೀಯಂತಲ್ಲೋ?"

ರಾಚಪ್ಪ ಬೆಚ್ಚಿಬಿದ್ದ. "ನಿಮಗ್ಯಾರ ಹೇಳಿದ್ರಿ, ಸಾಹೇಬ್ರ? ಮನ್ಯಾಗಂತೂ ಗೊತ್ತಿಲ್ರಿ."

"ಗೊತ್ತಿಲ್ಲಾ? ಒಬ್ಬನ ನುಂಗ್ಕೊಂಡ ಕುಂತೀಯಲ್ಲೋ! ಎಂಥಾ ಗಟ್ಟಿ ಮನುಷ್ಯಾ."

"ಹೇಳಿದ್ರ ಆಕಿ ತವರಮನಿಗಿ ಹೋಗ್ತಾಳ್ರಿ."

"ಹೋಗ್ತಾಳಾ? ಇಂಥಾ ಹೊತ್ತಿನ್ಯಾಗ?" ಸಾಹೇಬರಿಗೆ ಹೆಂಗಸರ ಮೇಲಿದ್ದ ಅಲ್ಪಸ್ವಲ್ಪ ನಂಬಿಕೆಯೂ ಆ ಕ್ಷಣ ಹೋಯಿತು. "ಇರಲಿ. ಏನ ಮಾಡಬೇಕಂತೀ ಈಗ?"

"ಹಳೇದನ್ನ ಬಿಡಾಕ ಮನಸಿಲ್ರಿ. ಅದರ ಜೋಡಿ ಹೊಂದ್ಕೊಂಡೇನಿ. ಆದ್ರ ಮುಂಜಾನಿ ನೋಡಿದ್ರ ತಳದಾಗ ಸೋರಾಕತ್ತೈತಿ."

ಸಾಹೇಬರು ಒಂದು ಹೆಜ್ಜೆ ಹಿಂದೆ ಸರಿದರು. "ನಮ್ಮ ಮಾವಂದೂ ಹಿಂಗ ಆಗಿತ್ತು. ಹೊಸಾದ ಹಾಕ್ಸಿದ್ವಿ."

"ಹೌದ್ರಿ?" ರಾಚಪ್ಪನ ಮುಖ ಅರಳಿತು. ಸಾಹೇಬರ ಮಾವನ ಮನೆಯಲ್ಲೂ ಕಾಫಿ ಯಂತ್ರವಿದೆಯೆಂದು ಅವನಿಗೆ ಗೊತ್ತಿರಲಿಲ್ಲ. "ಹೆಂಗ ನಡೀತ್ರಿ?"

"ಎಂಟ ದಿನಾ ನಡೀತು."

"ಆಮ್ಯಾಲ?"

"ಆಮ್ಯಾಲೇನು, ಮಣ್ಣ ಕೊಟ್ಟ ಬಂದ್ವಿ."

ಕೆಟ್ಟ ಯಂತ್ರವನ್ನು ಗುಜರಿಗೆ ಹಾಕುವ ಬದಲು ಮಣ್ಣು ಮಾಡಿದ ಆ ಮನೆತನದ ಬಗ್ಗೆ ರಾಚಪ್ಪನಿಗೆ ಗೌರವ ಮೂಡಿತು. ಅವನು ಇನ್ನೂ ಏನೋ ಕೇಳುವವನಿದ್ದ. ಅಷ್ಟರಲ್ಲಿ ಇಬ್ಬರು ಹಮಾಲರು ಅವನನ್ನು ಕುರ್ಚಿ ಸಮೇತ ಎತ್ತಿ, ನಿಂಬೆಹಣ್ಣಿನ ಚೀಲಗಳ ನಡುವೆ ಟಂಟಂ ಗಾಡಿಯಲ್ಲಿ ಇಟ್ಟರು. "ಕುಂತಿದ್ರ ತ್ರಾಸ ಆಗ್ತೈತಿ, ಮಕ್ಕೊಂಡ ಹೋಗು," ಎಂದು ಸಾಹೇಬರು ಕೂಗಿದರು. ಗಾಡಿ ಹೊರಟಿತು. ಆವತ್ತಿನ ಕೆಲಸದಿಂದ ಬಿಡುಗಡೆ ಸಿಕ್ಕಿದ್ದಕ್ಕೆ ರಾಚಪ್ಪ ಕಾರಣ ಕೇಳಲಿಲ್ಲ. ಸರಕಾರಿ ಕೆಲಸದಲ್ಲಿ ಅಂಥ ಪ್ರಶ್ನೆ ಕೇಳುವ ರೂಢಿಯಿಲ್ಲ.

ಮನೆಯ ಮುಂದೆ ಜೋಡುಗಳ ರಾಶಿ ಬಿದ್ದಿತ್ತು. ಒಳಗೆ ಓಣಿ ಇಡೀ ಕೂತಿತ್ತು. ಬಂದವರೆಲ್ಲ ರೋಗಿಗೆಂದು ನಿಂಬೆಹಣ್ಣು ತಂದಿದ್ದರು. ಇಂಡಿಯಲ್ಲಿ ಕೈಗೆ ಸಿಗುವ ಹಣ್ಣು ಅದೇ. ಮೂಲೆಯಲ್ಲಿ ಮಾರುಕಟ್ಟೆಯನ್ನೇ ಸುರಿದಂತಿತ್ತು. ಟಂಟಂನವನು ತನ್ನ ಪಾಲಿನದೊಂದು ಚೀಲ ಇಳಿಸಿದ.

ಜಯಮಾಲಾ ಅಳುತ್ತಿರಲಿಲ್ಲ. ಅವನ ಕೈ ಹಿಡಿದು ಹಾಸಿಗೆಯವರೆಗೆ ನಡೆಸಿದಳು, ದಿಂಬು ಸರಿಮಾಡಿದಳು, ಪಕ್ಕದಲ್ಲಿ ಕೂತಳು. ಗೂಡಿನಲ್ಲಿ ಹಳೆಯ ಕಾಫಿ ಯಂತ್ರ ಹೊಳೆಯುತ್ತಿರುವುದು ರಾಚಪ್ಪನ ಕಣ್ಣಿಗೆ ಬಿತ್ತು. ಯಾರೋ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಒರೆಸಿ, ಕೆಳಗೊಂದು ಬಟ್ಟೆ ಹಾಸಿ ಇಟ್ಟಿದ್ದರು.

"ಯಾಕ ಮುಚ್ಚಿಟ್ರಿ?" ಎಂದಳು. "ಮಂದಿ ಬಾಯಾಗ ಕೇಳ್ಬೇಕಾತು ನಾ."

"ಏನ್ ಮುಚ್ಚಿಟ್ಟೇನಿ?"

"ಚಂದಕ್ಕ ಎಲ್ಲಾ ಕೇಳ್ಯಾಳ. ಮೋದಿನಸಾಬಣ್ಣಾಗ ಹೇಳಿ, ನೀವು ಮಾಡಿದ ನಂಬರಿಗಿ ನಾನೂ ಫೋನ್ ಹಚ್ಚೇನಿ, ಸೋಲಾಪುರಕ್ಕ."

ರಾಚಪ್ಪ ದಿಂಬಿನಿಂದ ತಲೆಯೆತ್ತಿದ.

"ರಾಚಪ್ಪನವರ ಮನ್ಯಾಗಿನವ್ರ ಮಾತಾಡ್ತೇನಿ ಅಂದೇನಿ. 'ಹಳೇದರಾಗ ಏನೂ ಉಳಿದಿಲ್ರಿ ಬಾಯಿ, ಎಷ್ಟ ರಿಪೇರಿ ಮಾಡಿದ್ರೂ ಸುಳ್ಳ' ಅಂದಾ. ಹೊಸಾದ ಹಾಕಿದ್ರ ಎಷ್ಟ ದಿನಾ ಅಂತ ಕೇಳೇನಿ. 'ಒಂದ ವರ್ಷಾ ಪಕ್ಕಾ, ಮುಂದ ನಿಮ್ಮ ನಸೀಬು' ಅಂದಾ." ಅವಳು ಅವನ ಎದೆಯ ಮೇಲೆ ಕೈಯಿಟ್ಟಳು. "ಡಾಕ್ಟರ ಆದವ್ರು ಹಿಂಗ ಮಾತಾಡ್ತಾರೇನ್ರಿ?"

ಆಗ ರಾಚಪ್ಪನಿಗೆ ಎಲ್ಲವೂ ಒಮ್ಮೆಲೇ ತಿಳಿಯಿತು. ಚಂದವ್ವ ಎದ್ದು ನಿಂತದ್ದು, ಹಮಾಲರು, ಸಾಹೇಬರ ಮಾವ. "ಅಯ್ಯ, ಜಯಮಾಲಾ, ಅದು..." ಎಂದು ಬಾಯಿ ತೆರೆದ. ತೆರೆದ ಬಾಯಿಗೆ ಚಂದವ್ವ ಶರಬತ್ತಿನ ಲೋಟ ಹಿಡಿದಳು.

ಅವನು ಗುಟುಕರಿಸುತ್ತಿರುವಾಗ ಜಯಮಾಲಾ ಹೇಳಿದಳು. "ನಾ ಅಂದೇನಿ, ಸಾದಾದು ಬ್ಯಾಡ್ರಿ, ಪಂಪಿಂದ ಕೊಡ್ರಿ. ಎಲ್ಲಾಕಿಂತ ಛಲೋದ ಕೊಡ್ರಿ. ಕಪಾಟಿನ ರೊಕ್ಕ ಐತಿ, ಕಪಾಟಿಗೇನ ಬೆಂಕಿ ಬಿದ್ದೈತಿ. ಸಂಜೀ ಬಸ್ಸಿಗಿ ಹಾಕಿ ಕಳಸ್ತಾರಂತ."

"ಬಸ್ಸಿಗೇನವಾ?" ಯಾರೋ ಕೇಳಿದರು.

"ಈಗ ಹಂಗ," ಎಂದಳು ಚಂದವ್ವ. "ನಮ್ಮ ಅಳಿಯಾನ ಕಾಲಿಗಿ ರಾಡ್ ಹಾಕೂಮುಂದ ರಾಡ್ ನಾವ ತಂದ ಕೊಟ್ಟಿದ್ವಿ. ಸಾಮಾನ ಮೊದಲ ಬರ್ತೈತಿ, ಡಾಕ್ಟರ ಆಮ್ಯಾಲ ಕೊಯ್ತಾರ."

ರಾಚಪ್ಪ ಲೋಟ ಕೆಳಗಿಟ್ಟ. ಇದು ನಿಜ ಹೇಳುವ ಹೊತ್ತು ಎಂದು ಅವನಿಗೂ ಗೊತ್ತಿತ್ತು. ಆದರೆ ನಿಜ ಹೇಳಿದರೆ ಅವಳು ಇನ್ನೊಮ್ಮೆ ಫೋನ್ ಹಚ್ಚುತ್ತಾಳೆ. ಪಂಪಿನ ಯಂತ್ರ ಸೋಲಾಪುರದಲ್ಲೇ ಉಳಿಯುತ್ತದೆ. ಗುಮಾಸ್ತನ ತಲೆ ಕೆಲಸ ಮಾಡತೊಡಗಿತು. ಯಂತ್ರಕ್ಕೆ ಹೇಳಿದವರು ಯಾರು? ಜಯಮಾಲಾ. ರೊಕ್ಕ ಒಪ್ಪಿದವರು ಯಾರು? ಜಯಮಾಲಾ. ಹೊಸ್ತಿಲು ದಾಟಿಸುವವನು ಮೋದಿನಸಾಬ. ಇದರಲ್ಲಿ ರಾಚಪ್ಪನ ಸಹಿ ಎಲ್ಲಿಯೂ ಇಲ್ಲ. ಅವಳು ಹಿಪ್ಪರಗಿಗೆ ಹೋಗುತ್ತೇನೆ ಎನ್ನುವುದಾದರೂ ಯಾವ ಬಾಯಿಂದ? ಅವನು ದಿಂಬಿಗೆ ತಲೆಯಿಟ್ಟು ಕಣ್ಣು ಮುಚ್ಚಿದ. ಸಂಜೆಯ ಬಸ್ಸಿನವರೆಗೆ ಕಾಯಿಲೆ ಬೀಳುವುದು ಅಂಥ ದೊಡ್ಡ ಕೆಲಸವೇನಲ್ಲ.

ಕೆಲಸ ಅವನು ಎಣಿಸಿದ್ದಕ್ಕಿಂತ ದೊಡ್ಡದಿತ್ತು. ಬಂದವರೆಲ್ಲ ಹಾಸಿಗೆಯ ಪಕ್ಕ ಕೂತು, ಎದೆ ಹಿಡಿದುಕೊಂಡು ಸತ್ತ ತಮ್ಮ ತಮ್ಮ ನೆಂಟರ ಕತೆಯನ್ನು ಬಿಡಿಸಿ ಬಿಡಿಸಿ ಹೇಳಿದರು. ಕನ್ನೊಳ್ಳಿಯವನೊಬ್ಬ ರೊಟ್ಟಿ ಮುರಿಯುವಾಗ ಹೋದ, ಲಚ್ಯಾಣದವನೊಬ್ಬ ಜೋಡು ಮೆಟ್ಟುವಾಗ ಹೋದ. ಪ್ರತಿ ಸಾವಿನ ಕೊನೆಗೂ ಒಂದು ಲೋಟ ಶರಬತ್ತು ಬಂತು. ಎದ್ದು ಹಿತ್ತಲಿಗೆ ಹೋಗಲು ನೋಡಿದರೆ ಇಬ್ಬರು ರಟ್ಟೆ ಹಿಡಿಯುತ್ತಿದ್ದರು. ಜಯಮಾಲಾ ಮಾತ್ರ ಯಾವ ಕತೆಯನ್ನೂ ಹೇಳಲಿಲ್ಲ. ಅವನ ಕಾಲ ಬಳಿ ಕೂತು ಅವನನ್ನು ನೋಡುತ್ತಿದ್ದಳು. ಅದು ಎಲ್ಲಕ್ಕಿಂತ ಕಷ್ಟವಾಗಿತ್ತು. ಅವನು ಎರಡು ಸಲ ಹೇಳಿಬಿಡಬೇಕೆಂದುಕೊಂಡ. ಎರಡು ಸಲವೂ ನೊರೆ ನೆನಪಾಯಿತು.

ಸಂಜೆಯ ಹೊತ್ತಿಗೆ ಸಾಹೇಬರು ಡಾಕ್ಟರ್ ಪರಮಾನಂದರನ್ನು ಕರೆದುಕೊಂಡು ಬಂದರು. ಡಾಕ್ಟರು ಎದೆಗೆ ಕೊಳವೆ ಹಚ್ಚಿ ಕೇಳಿದರು, ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದರು. ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ತುಂಬಿದರು.

"ವಾಲ್ವ್ ಬರೋಬ್ಬರಿ ಐತಿ, ಏನೂ ಆಗಿಲ್ಲ," ಎಂದರು.

ಓಣಿಗೆ ಇದು ಸೇರಲಿಲ್ಲ. "ಇಲ್ಲಿ ಕುಂತ ಏನ್ ಗೊತ್ತಾಗ್ತೈತ್ರಿ," ಎಂದಳು ಚಂದವ್ವ. "ಸೋಲಾಪುರದವ್ರು ಫೋನಿನ್ಯಾಗ ಹೇಳ್ಯಾರ."

"ವಾಲ್ವ್ ಬರೋಬ್ಬರಿ ಐತಿ," ಡಾಕ್ಟರು ಮತ್ತೆ ಹೇಳಿದರು. "ಪ್ರೆಶರ್ ಮಾತ್ರ ಭಾಳ ಐತಿ. ಏನ್ ರಾಚಪ್ಪ, ಮನಸ್ನ್ಯಾಗ ಏನರೆ ಇಟ್ಕೊಂಡೀಯೇನು? ಇವತ್ತಿಂದ ಉಪ್ಪು ಬಂದ್. ಎಣ್ಣಿ ಬಂದ್. ಚಾ, ಕಾಫಿ ಪೂರಾ ಬಂದ್."

"ಕಾಫೀನೂ?" ರೋಗಿ ಎದ್ದು ಕೂತ.

"ಅದ ಮೊದಲ."

ಜಯಮಾಲಾ ತಲೆಯಾಡಿಸಿದಳು. ಅವಳು ಒಂದು ಮಾತನ್ನು ಎರಡು ಸಲ ಕೇಳುವವಳೂ ಅಲ್ಲ.

ಅದೇ ಹೊತ್ತಿಗೆ ಮೋದಿನಸಾಬ ಸೈಕಲ್ಲಿನ ಹಿಂದೆ ಒಂದು ಡಬ್ಬಿ ಕಟ್ಟಿಕೊಂಡು ಬಂದ. ಎರಡೂ ಕೈಯಿಂದ ಎತ್ತಿ, ಬಲಗಾಲಿಟ್ಟು ಹೊಸ್ತಿಲು ದಾಟಿದ. ಮಂದಿ ದಾರಿ ಬಿಟ್ಟರು. ಕೆಲವರು ಕೈ ಮುಗಿದರು. ಡಬ್ಬಿಯೊಳಗಿಂದ ಕರಿಯ ಮೈಯ, ಬೆಳ್ಳಿಯ ಮೂತಿಯ, ಸರಕಾರಿ ಟಪಾಲು ಪೆಟ್ಟಿಗೆಯಷ್ಟು ದೊಡ್ಡ ಯಂತ್ರವೊಂದು ಹೊರಬಂತು. ಜೊತೆಗೆ ಒಂದು ತಂತಿ, ಎರಡು ಕಪ್ಪು, ಒಂದು ಪೊಟ್ಟಣ ಕಾಫಿಪುಡಿ.

ಓಣಿ ಇಡೀ ಕತ್ತು ಚಾಚಿ ನೋಡಿತು.

"ಇಷ್ಟ ದೊಡ್ಡದು," ಎಂದಳು ಚಂದವ್ವ, "ಎದಿಯಾಗ ಹೆಂಗ ಕುಂದ್ರಸ್ತಾರ?"

ಡಾಕ್ಟರು ನಕ್ಕುಬಿಟ್ಟರು. ಆಮೇಲೆ ಸಾಹೇಬರಿಗೆ ತಮ್ಮ ಮಾವ ನೆನಪಾಗಿ ಅವರೂ ನಕ್ಕರು. ನಗು ಬಾಗಿಲು ದಾಟಿ ಅಂಗಳಕ್ಕೆ ಹೋಯಿತು. ಜಯಮಾಲಾ ಯಂತ್ರವನ್ನು ನೋಡಿದಳು. ಗಂಡನನ್ನು ನೋಡಿದಳು. ರಾಚಪ್ಪ ಹಾಸಿಗೆಯ ಅಂಚಿನಲ್ಲಿ ಕೂತು ನೆಲ ನೋಡುತ್ತಿದ್ದ.

"ಹಿಪ್ಪರಗಿಗೆ ಹೋಗ್ತೀಯೇನು?" ಎಂದು ಮೆಲ್ಲಗೆ ಕೇಳಿದ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಬೆಳಗಿನಿಂದ ಅಳದವಳು ಈಗ ಅತ್ತಳೋ ನಕ್ಕಳೋ ತಿಳಿಯಲಿಲ್ಲ. "ಎಲ್ಲಿ ಹೋಗ್ಲಿ?" ಎಂದಳು. "ಜೀವಂತ ಅದೀರಿ. ಮ್ಯಾಲ ಪ್ರೆಶರ್ ಬ್ಯಾರೆ ಐತಿ. ನೋಡ್ಕೊಳವ್ರು ಯಾರು?"

ರಾಚಪ್ಪನ ಎದೆ ನಿಜವಾಗಿಯೂ ಹಗುರಾಯಿತು. ಮನೆ ಉಳಿಯಿತು, ಯಂತ್ರವೂ ಬಂತು. ಇಂಥ ದಿನ ಗುಮಾಸ್ತನ ಬಾಳಿನಲ್ಲಿ ಎಷ್ಟು ಸಲ ಬರುತ್ತದೆ?

ಜಯಮಾಲಾ ಎದ್ದು ಯಂತ್ರವನ್ನು ಒಳಗೆ ಒಯ್ದಳು. ದಿನಾ ನೋಡಿ ನೋಡಿ ಅವಳಿಗೆ ಎಲ್ಲವೂ ಬರುತ್ತಿತ್ತು. ಹೊಸ ಯಂತ್ರ ಕೂಗಲಿಲ್ಲ. ಹೊಟ್ಟೆ ತುಂಬಿದ ಬೆಕ್ಕಿನಂತೆ ಗುರುಗುಟ್ಟಿತು. ವಾಸನೆ ಬಾಗಿಲಿಗೆ ಬಂತು. ಮೊದಲ ಕಪ್ಪು ಡಾಕ್ಟರಿಗೆ, ಎರಡನೆಯದು ಸಾಹೇಬರಿಗೆ, ಆಮೇಲೆ ಮೋದಿನಸಾಬನಿಗೆ, ಚಂದವ್ವನಿಗೆ, ಓಣಿಗೆ. ಕೊನೆಗೆ ಒಂದು ಗುಟುಕು ತಾನೂ ಕುಡಿದಳು. ನಿಂತಲ್ಲೇ ನಿಂತಳು.

"ಅಯ್ಯ, ಎಷ್ಟ ಛಲೋ ಐತಿ!" ಎಂದಳು. "ಇಷ್ಟ ದಿನಾ ಯಾಕ ಹೇಳ್ಲಿಲ್ಲ ನೀವು?"

"ನಂಗೊಂದ ಗುಟುಕ..." ರಾಚಪ್ಪ ಕೈ ಚಾಚಿದ.

ಚಾಚಿದ ಕೈಗೆ ಅವಳು ನಿಂಬೆನೀರಿನ ಲೋಟ ಕೊಟ್ಟಳು. ಅವನು ಒಂದು ಗುಟುಕು ಕುಡಿದು ಮುಖ ಕಿವುಚಿದ. ಉಪ್ಪು ಇರಲಿಲ್ಲ.

"ಸಕ್ರೀನೂ ಬ್ಯಾಡ ಬಿಡವಾ," ಎಂದರು ಡಾಕ್ಟರು, ಎರಡನೆಯ ಕಪ್ಪಿಗೆ ಕೈ ಚಾಚುತ್ತ. "ಪ್ರೆಶರ್ ದಿನಾ ನೋಡ್ಬೇಕಾಗ್ತೈತಿ. ಹಾದಿ ಮ್ಯಾಲ ಐತಿ ನಿಮ್ಮ ಮನಿ, ಮುಂಜಾನಿ ನಾನ ಬಂದ ಹೋಗ್ತೇನಿ."

"ನಾವೂ ಬರ್ತೇವಿ ತಗೋ," ಎಂದಳು ಚಂದವ್ವ, ಕಪ್ಪಿನ ತಳದ ನೊರೆಯನ್ನು ಬೆರಳಿನಿಂದ ತೆಗೆಯುತ್ತ. "ಜಡ್ಡಾದವ್ರನ್ನ ಒಂದ ದಿನಾ ನೋಡಿ ಬಿಡಾಕ ಆಗ್ತೈತೇನು?"