ಅಪ್ಪನ ಅರ್ಧ ವಿಮೆ, ಅವ್ವನ ಬಲಗೈ

ಮರ್ಯಾದೆ ಹೋಗುವಂಥ ಪ್ರಸಂಗಗಳು ಬೇರೆಯವರ ಮನೆಗೆ ದಾರಿ ತಪ್ಪಿ ಬರುತ್ತವಂತೆ. ನಮ್ಮ ಮನೆಗೆ ಅವು ಚಪ್ಪಲಿ ಬಿಟ್ಟು, ಕಾಲು ತೊಳೆದುಕೊಂಡು, ನೆಂಟರ ಹಾಗೆ ಬರುತ್ತವೆ. ನಾನು ಪುಣೆಯ ಇಂಗ್ಲಿಷ್ ಶಾಲೆಯಲ್ಲಿ ಓದಿದವಳೆಂದು, ಅವುಗಳನ್ನು ಎದುರುಗೊಳ್ಳಲು ಎಲ್ಲರೂ ನನ್ನನ್ನೇ ಮುಂದೆ ನೂಕುತ್ತಾರೆ. ಶಾಲೆಯವರು ಇಂಗ್ಲಿಷ್ ಕಲಿಸಿದ್ದರು ನಿಜ; ನಾಲ್ಕು ಜನರೆದುರು ಬಾಯಿ ಬಿಡುವುದನ್ನು ಕಲಿಸಿರಲಿಲ್ಲ. ತೊಂಬತ್ತರ ದಶಕದ ಕೊನೆಗೆ ಒಂದು ಜೀಪು ನಮ್ಮ ಕಾರಿಗೆ ಗುದ್ದಿತು. ಆಮೇಲೆ ಅದನ್ನೂ ಕಲಿಯಬೇಕಾಯಿತು.

೧. ಲಿಂಬಿಹಣ್ಣಿನ ಪಾಲಿಸಿ

ವಿಜಾಪುರದಿಂದ ಬಂದು ಪುಣೆಯಲ್ಲಿ ಬಟ್ಟೆ ಅಂಗಡಿ ಇಟ್ಟ ಅಪ್ಪ ಒಂದು ಹಳೆಯ ಕಾರು ಕೊಂಡ. ವಾರದೊಳಗೆ ನಮ್ಮ ಕಡೆಯವರೇ ಆದ ವಿಮಾ ಏಜೆಂಟರು ಬಂದರು. ನಾವು ಅವರನ್ನು ಏಜೆಂಟ್ ಕಾಕಾ ಎನ್ನುತ್ತಿದ್ದೆವು.

"ಸಾವಕಾರ್ರ, ಫುಲ್ ಇನ್ಶೂರನ್ಸ್ ಮಾಡಸ್ರಿ. ಗಾಡಿಗೂ ಆತು, ಒಳಗ ಕುಂತವರಿಗೂ ಆತು."

"ಫುಲ್ ಯಾಕ್ರಿ? ನಾ ಗಾಡಿ ಹೊಡಿಯೂದ ಅರ್ಧ ಸ್ಪೀಡಿನ್ಯಾಗ."

"ಹಂಗಾದ್ರ ಬರೇ ಥರ್ಡ್ ಪಾರ್ಟಿ ಆಗ್ತದ್ರಿ. ನೀವು ಯಾರಿಗರೆ ಗುದ್ದಿದ್ರ ಅವರಿಗೆ ಸಿಗ್ತದ. ನಿಮಗೇನೂ ಇಲ್ಲ."

"ನಾ ಯಾರಿಗೂ ಗುದ್ದಂಗಿಲ್ಲ. ಅದೂ ಬ್ಯಾಡ."

"ಅದು ಸರಕಾರದ ಕಾಯ್ದೆ ಅದರೀ. ಬಿಡಾಕ ಬರಂಗಿಲ್ಲ."

ಅಪ್ಪ ನಿಟ್ಟುಸಿರು ಬಿಟ್ಟು ಸಹಿ ಹಾಕಿದ. ದಸರೆ ಬಂದಾಗ ಇದೇ ಅಪ್ಪ ಕಾರಿಗೆ ಬಂಪರ್ ಮುಚ್ಚುವಷ್ಟು ಉದ್ದದ ಚೆಂಡುಹೂವಿನ ಹಾರ ಹಾಕಿಸಿದ, ಕುಂಬಳಕಾಯಿ ಒಡೆಸಿದ. ನಾಲ್ಕು ಗಾಲಿಯ ಕೆಳಗೆ ನಾಲ್ಕು ಲಿಂಬಿಹಣ್ಣು ಇಟ್ಟು, ಡಿಕ್ಕಿಯೊಳಗಿನ ಸ್ಟೆಪ್ನಿ ಗಾಲಿಗೂ ಒಂದು ಕಟ್ಟಿದ. ಕಟ್ಟಡದ ಜನರೆಲ್ಲ ಬಾಲ್ಕನಿಯಲ್ಲಿ ನಿಂತು ನೋಡುತ್ತಿದ್ದರು. "ಅಪ್ಪಾ, ಅದಕ್ಯಾಕ?" ಎಂದು ಪಿಸುಗುಟ್ಟಿದೆ.

ಅಪ್ಪ ಎಲ್ಲರಿಗೂ ಕೇಳುವ ಹಾಗೆ ಹೇಳಿದ: "ಲಿಂಬಿಹಣ್ಣಿನ್ಯಾಗ ಥರ್ಡ್ ಪಾರ್ಟಿ ಅನ್ನೂದು ಇಲ್ಲವ್ವ. ಎಲ್ಲಾ ಫುಲ್."

೨. ಬೂತಿನಲ್ಲಿ

ಪುಣೆಯಾಚೆಯ ದೌಂಡಿನಲ್ಲಿರುವ ಅತ್ತೆಯ ಮನೆಗೆ ಹೋಗಿ ವಾಪಸು ಬರುತ್ತಿದ್ದೆವು. ಎದುರಿನಿಂದ ಒಂದು ಜೀಪು ಕಬ್ಬಿನ ಟ್ರಾಲಿಯನ್ನು ಹಿಂದೆ ಹಾಕುವ ಅವಸರದಲ್ಲಿ ನಮ್ಮ ಬಲಮಗ್ಗುಲಿಗೆ ಬಂದು ಬಡಿಯಿತು. ಅಪ್ಪನ ಹಿಂದಿನ ಸೀಟಿನಲ್ಲಿದ್ದ ಅವ್ವನ ಬಲಭುಜ ಮುರಿಯಿತು. ನನಗೂ ಅಪ್ಪನಿಗೂ ಏನೂ ಆಗಲಿಲ್ಲ.

ಅವ್ವನನ್ನು ದವಾಖಾನೆಗೆ ಸೇರಿಸಿದ ಮೇಲೆ ಎದುರಿನ ಎಸ್‌ಟಿಡಿ ಬೂತಿನಿಂದ ಅಪ್ಪ ಏಜೆಂಟ್ ಕಾಕಾಗೆ ಫೋನು ಹಚ್ಚಿದ. ಹೊರಗೆ ಸಾಲು ನಿಂತಿತ್ತು. ಅಪ್ಪನ ಧ್ವನಿ ಬೂತಿನ ಬಾಗಿಲನ್ನು ಲೆಕ್ಕಿಸುವಂಥದ್ದಲ್ಲ.

"ಗಾಡಿದು ಯಾರು ಕೊಡತಾರ? ... ಇಲ್ಲಾ? ... ನಮ್ಮ ಮನಿಯವರದು? ... ಅದೂ ಇಲ್ಲಾ? ಮತ್ತ ನಾ ಕಟ್ಟಿದ್ದು ಯಾತಕ್ರಿ?"

ಕಾಕಾ ಆ ಕಡೆಯಿಂದ ಬಿಡಿಸಿ ಹೇಳಿದರು. ನಮ್ಮ ಪಾಲಿಸಿ ನಾವು ಯಾರಿಗಾದರೂ ಗುದ್ದಿದ್ದರೆ ಮಾತ್ರ ಕೆಲಸಕ್ಕೆ ಬರುತ್ತಿತ್ತಂತೆ. ಈಗ ಏನಿದ್ದರೂ ಜೀಪಿನವನ ಪಾಲಿಸಿ ಕೊಡಬೇಕು, ಅದೂ ಅವನು ವಿಮೆ ಕಟ್ಟಿದ್ದರೆ.

"ಅಂದ್ರ," ಅಪ್ಪ ಇನ್ನಷ್ಟು ಗಟ್ಟಿಯಾಗಿ ಕೇಳಿದ, "ನಾವ ಮೊದಲ ಗುದ್ದಬೇಕಿತ್ತೇನು?"

ಸಾಲಿನಲ್ಲಿದ್ದವರು ನನ್ನ ಕಡೆ ನೋಡಿದರು. ನಾನು ಎಸ್‌ಟಿಡಿ ದರಪಟ್ಟಿ ಓದತೊಡಗಿದೆ.

೩. ದೇವರಂಥ ಮನುಷ್ಯ

ಅವ್ವನ ಭುಜದೊಳಗೆ ರಾಡು ಹಾಕಿದರು. ಆದರೂ ಕೈ ಎದೆಯ ಮಟ್ಟಕ್ಕೆ ಬಂದು ನಿಂತುಬಿಡುತ್ತಿತ್ತು. ತನ್ನ ಹೆರಳು ತಾನು ಹಾಕಿಕೊಳ್ಳಲು ಬಾರದು, ಕುಂಕುಮ ಹಚ್ಚಿಕೊಳ್ಳಲು ಬಾರದು. ಇನ್ನೊಂದು ಆಪರೇಶನ್ ಆದರೆ ಸರಿಹೋಗಬಹುದು ಎಂದರು ಡಾಕ್ಟರು. ಅಂಗಡಿಯ ದುಡ್ಡು ಮೊದಲನೆಯದಕ್ಕೇ ಮುಗಿದಿತ್ತು. ಜೀಪಿನ ವಿಮೆಯಿಂದ ಪರಿಹಾರ ಬಂದರೆ ಆಪರೇಶನ್, ಇಲ್ಲದಿದ್ದರೆ ಇಲ್ಲ.

ಜೀಪಿನ ಮಾಲಕರ ಮನೆ ದೌಂಡಿನ ಕಡೆಯ ಕುರಕುಂಭದ ಹತ್ತಿರ. "ಅವನ ಜನ್ಮಾ ಜಾಲಾಡ್ತೀನಿ" ಎಂದು ಅಪ್ಪ ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದ. ದಾರಿಯುದ್ದಕ್ಕೂ ಮರಾಠಿಯಲ್ಲಿ ಬೈಗುಳ ತಾಲೀಮು ಮಾಡಿದ. ತಪ್ಪಿದ ಕಡೆ ಪಕ್ಕದ ಸೀಟಿನವರು ತಿದ್ದಿದರು.

ಮಾಲಕರು ಬಾಗಿಲಲ್ಲೇ ಕೈಮುಗಿದು ನಿಂತಿದ್ದರು. ಅಪ್ಪ ಬಾಯಿ ತೆರೆಯುವ ಮೊದಲೇ, "ನನ್ನ ಇನ್ಶೂರನ್ಸ್ ಚಾಲೂ ಇದೆ, ಒಂದು ವರ್ಷವೂ ತಪ್ಪಿಸಿಲ್ಲ" ಎಂದರು. ತಾಲೀಮು ಮಾಡಿದ್ದೆಲ್ಲ ಅಪ್ಪನ ಬಾಯೊಳಗೇ ಉಳಿದುಹೋಯಿತು. ಹೋಗಿ ಅವರನ್ನು ತಬ್ಬಿಕೊಂಡ!

"ದೇವರಂಥಾ ಮನಷ್ಯಾ! ಗುದ್ದಿದ್ರ ಇಂಥವರು ಗುದ್ದಬೇಕು ನೋಡು ತಂಗಿ!" ಎಂದು ನನ್ನ ಕಡೆ ತಿರುಗಿ ಹೇಳಿದ.

ಅವರ ಮನೆಯವರು ಅವಲಕ್ಕಿ ಕೊಟ್ಟರು, ಚಹಾ ಕೊಟ್ಟರು. ಹೊರಡುವಾಗ ಅಪ್ಪ ಅವರ ಮಗಳ ಮದುವೆಗೆ ಸೀರೆ ನಮ್ಮ ಅಂಗಡಿಯಲ್ಲೇ ಕೊಳ್ಳಬೇಕೆಂದು ಮಾತು ತೆಗೆದುಕೊಂಡ.

ಮರುದಿನ ನಮ್ಮ ವಕೀಲರು ತಲೆ ಹಿಡಿದುಕೊಂಡರು. ಸೊಲ್ಲಾಪುರ ಕಡೆಯ ಕನ್ನಡದವರು ಅವರು. "ಏನ್ರೀ, ಕೇಸು ಹಾಕೂ ಮೊದಲ ಎದುರು ಪಾರ್ಟಿ ಮನಿಯಾಗ ಉಂಡು ಬಂದ್ರ್ಯಾ?"

"ಛೆ ಛೆ, ಉಂಡಿಲ್ರಿ," ಎಂದ ಅಪ್ಪ. "ಬರೇ ಅವಲಕ್ಕಿ."

೪. ಜೋಳಿಗೆ

ತಾರೀಖಿನ ಮೇಲೆ ತಾರೀಖು ಬಿದ್ದು, ಕೊನೆಗೆ ಒಂದು ಜನವರಿಯಲ್ಲಿ ಕೇಸು ಲೋಕ ಅದಾಲತ್ತಿಗೆ ಬಂತು. ಎರಡೂ ಕಡೆಯವರು ನ್ಯಾಯಾಧೀಶರ ಮುಂದೆ ಕೂತು ಮಾತಾಡಿ ಮುಗಿಸಿಕೊಳ್ಳುವ ಜಾಗ ಅದು. ಹೊರಗೆ ವಕೀಲರು ತಮ್ಮ ಚೀಲದಿಂದ, ಮುರಿದ ಕೈ ಇಟ್ಟುಕೊಳ್ಳಲು ಕೊರಳಿಗೆ ಕಟ್ಟುವ ಕೈಜೋಳಿಗೆಯೊಂದನ್ನು ತೆಗೆದು ಅವ್ವನಿಗೆ ಕಟ್ಟಿಸಿದರು. ಅವ್ವ ಅಂಥದ್ದನ್ನು ಬಿಟ್ಟು ವರ್ಷವೇ ಆಗಿತ್ತು. ಇದಕ್ಕೆ ಯಾರು ಯಾರದೋ ಮುಲಾಮಿನ ವಾಸನೆ ಹತ್ತಿತ್ತು.

"ಅವ್ವಾರ, ಈ ಕೈ ಅದ ಅನ್ನೂದನ್ನ ಮರತುಬಿಡ್ರಿ. ಒಟ್ಟ ಅಳ್ಳಾಡಸಬ್ಯಾಡ್ರಿ."

ಒಳಗೆ ವಿಮಾ ಕಂಪನಿಯ ಕಡೆಯಿಂದ ಕೂತಿದ್ದವರು ಒಬ್ಬ ವಯಸ್ಸಾದ ಮರಾಠಿ ಹೆಂಗಸು; ಅಲ್ಲಿಯ ರೂಢಿಯಂತೆ ಎಲ್ಲರೂ ಅವರನ್ನು ಬಾಯಿ ಎನ್ನುತ್ತಿದ್ದರು. ಸಂಕ್ರಾಂತಿಯ ದಿನಗಳು. ಸ್ಟೀಲ್ ಡಬ್ಬಿ ತೆರೆದು, "ತಿಳಗೂಳ ಘ್ಯಾ, ಗೋಡ ಬೋಲಾ", ಎಳ್ಳುಬೆಲ್ಲ ತಗೊಂಡು ಒಳ್ಳೆಯ ಮಾತಾಡಿ ಎನ್ನುತ್ತ ಎಲ್ಲರಿಗೂ ಎಳ್ಳುಂಡೆ ಹಂಚುತ್ತಿದ್ದರು. ನ್ಯಾಯಾಧೀಶರಿಗೆ ಕೊಟ್ಟರು, ವಕೀಲರಿಗೆ ಕೊಟ್ಟರು, ಅವ್ವನ ಮುಂದೆ ಬಂದು ನಿಂತರು.

ಅವ್ವ ತನ್ನ ಎಡಗೈ ನೋಡಿಕೊಂಡಳು. ಮುತ್ತೈದೆ ಕೊಟ್ಟ ಎಳ್ಳುಬೆಲ್ಲವನ್ನು ಎಡಗೈಯಲ್ಲಿ ಇಸಿದುಕೊಳ್ಳುವ ಹೆಂಗಸು ನಮ್ಮ ವಂಶದಲ್ಲಿ ಇನ್ನೂ ಹುಟ್ಟಿಲ್ಲ. ಬಲಗೈ ಜೋಳಿಗೆಯಿಂದ ತಾನಾಗಿ ಹೊರಬಂತು. ಎಳ್ಳುಂಡೆ ತೆಗೆದುಕೊಂಡಿತು. ಕಣ್ಣಿಗೆ ಒತ್ತಿಕೊಳ್ಳಲು ಕೈ ಮೇಲೇಳಲಿಲ್ಲ. ಅವ್ವ ತಲೆಯನ್ನೇ ಕೈಯತನಕ ಬಾಗಿಸಿದಳು.

ವಕೀಲರು ಕೆಮ್ಮಿದರು. ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿ, ಇದೇನೆಂದು ಕೇಳಿದರು. ಗಾಬರಿಯಲ್ಲಿ ಅವ್ವನಿಗೆ ಮರಾಠಿ ಮರೆತುಹೋಯಿತು; ನನ್ನ ಕಡೆ ತಿರುಗಿದಳು.

"ಹೇಳ ತಂಗಿ, ಕೈ ಇಷ್ಟ ಏಳತದ, ತಲೀಗೆ ಮುಟ್ಟಂಗಿಲ್ಲ ಅಂತ. ಈ ಜೋಳಿಗಿ ನಂದಲ್ಲ, ವಕೀಲಸಾಹೇಬ್ರದು ಅಂತನೂ ಹೇಳು."

"ಮೊದಲಿನ ಅರ್ಧ ಅಷ್ಟ ಹೇಳವಾ" ಎಂದು ವಕೀಲರು ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದರು. ನನಗೆ ಶಾಲೆಯಲ್ಲಿ ಅರ್ಧ ವಾಕ್ಯ ಅನುವಾದ ಮಾಡಲು ಕಲಿಸಿರಲಿಲ್ಲ. ನೆಲ ನೋಡುತ್ತ ಪೂರ್ತಿ ಇಂಗ್ಲಿಷಿನಲ್ಲಿ ಹೇಳಿದೆ. ಕೇಳಿಸಲಿಲ್ಲ, ಗಟ್ಟಿಯಾಗಿ ಹೇಳು ಎಂದರು ನ್ಯಾಯಾಧೀಶರು. ಎರಡನೆಯ ಸಲ ಹೊರಗೆ ಕಾರಿಡಾರಿನವರಿಗೂ ಕೇಳಿಸಿತು. ನೆಲ ಬಾಯಿ ಬಿಟ್ಟಿದ್ದರೆ ನಾನೂ ವಕೀಲರೂ ಜಾಗಕ್ಕೆ ಜಗಳಾಡುತ್ತಿದ್ದೆವು.

ಕಂಪನಿಯ ಬಾಯಿ ನಗುತ್ತ ನಗುತ್ತ ಕಣ್ಣೊರೆಸಿಕೊಂಡರು. "ಕೈ ಏಳುವುದೇ ಇಲ್ಲ ಎಂದಿದ್ದರೆ ನಾನು ನಂಬುತ್ತಿರಲಿಲ್ಲ. ಈಕೆ ತಲೆ ಬಾಗಿಸಿದ್ದನ್ನು ಕಣ್ಣಾರೆ ನೋಡಿದೆ. ಆಪರೇಶನ್ನಿನ ಖರ್ಚು ಸೇರಿಸಿ ಬರೆದುಕೊಳ್ಳಿ" ಎಂದರು.

ಹೊರಗೆ ಬಂದದ್ದೇ ಅವ್ವ ಜೋಳಿಗೆಯನ್ನು ನೀಟಾಗಿ ಮಡಚಿ, ಇಡೀ ಕಾರಿಡಾರಿನೆದುರು ವಕೀಲರಿಗೆ ಒಪ್ಪಿಸಿದಳು.

"ತಗೋರಿ ಸಾಹೇಬ್ರ. ಒಗದು ಕೊಡಬೇಕಿತ್ತು, ಬ್ಯಾರೇದವರಿಗೆ ತಡಾ ಆಗ್ತದ."

ನಮ್ಮ ನಂತರದ ಕೇಸೂ ಅದೇ ವಕೀಲರದು. ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡು ಬೆಂಚಿನ ಮೇಲೆ ಕೂತಿದ್ದ ಆ ಕೇಸಿನ ಮನುಷ್ಯ ಜೋಳಿಗೆಯನ್ನೂ ವಕೀಲರನ್ನೂ ಗಾಬರಿಯಿಂದ ನೋಡಿ, ಮರಾಠಿಯಲ್ಲಿ ಮೆಲ್ಲಗೆ ಕೇಳಿದ:

"ಸಾಹೇಬ, ನಂದು ಕಾಲು. ನಾನೂ ಇದನ್ನೇ ಕಟ್ಟಿಕೊಳ್ಳಬೇಕಾ?"