ಅತ್ತೆ ಟಿವಿಯಲ್ಲಿ ಬಂದ ದಿನ ನಾವು ದಾರಿಯಲ್ಲಿದ್ದೆವು

ಪ್ರಯಾಣ ಮಾಡುವಾಗ ಕಿಟಕಿಯಾಚೆಯ ಬೆಟ್ಟ ನೋಡದೆ ಕೈಯಲ್ಲಿನ ಫೋನು ನೋಡುವವರನ್ನು ಕಂಡರೆ ಎಲ್ಲರಿಗೂ ಒಂದು ಬಗೆಯ ಕನಿಕರ. ಆ ಕನಿಕರಕ್ಕೆ ಪಾತ್ರರಾದವರಲ್ಲಿ ನಾನೂ ಒಬ್ಬಳು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮಗ್ಗೆಯಿಂದ ಸಕಲೇಶಪುರಕ್ಕೆ ದಿನಾ ಬಸ್ಸಿನಲ್ಲಿ ಹೋಗಿ, ಕಚೇರಿಯೊಂದರಲ್ಲಿ ಗುಮಾಸ್ತೆಯ ಕೆಲಸ ಮಾಡಿ, ಸಂಜೆ ಅದೇ ಬಸ್ಸಿನಲ್ಲಿ ವಾಪಸು ಬರುವವಳು ನಾನು. ಹದಿನಾರು ವರ್ಷ ನೋಡಿದ ಮೇಲೆ ಬೆಟ್ಟಗಳು ಎಲ್ಲಿಗೂ ಹೋಗುವುದಿಲ್ಲ ಎಂಬ ಭರವಸೆ ನನಗೆ ಬಂದಿದೆ. ಧಾರಾವಾಹಿಯ ಸೊಸೆಯ ಸಂಗತಿ ಹಾಗಲ್ಲ. ಅವಳನ್ನು ಒಂದು ದಿನ ನೋಡದೆ ಬಿಟ್ಟರೆ ಅಷ್ಟರಲ್ಲಿ ಅವಳ ಗಂಡ ಇನ್ನೊಂದು ಮದುವೆ ಮಾಡಿಕೊಂಡಿರುತ್ತಾನೆ. ಹಾಗಾಗಿ ಬಸ್ಸು ಹೊರಟ ಕೂಡಲೇ ನಾನು ಕಿವಿಗೆ ವಯರು ಸಿಕ್ಕಿಸಿಕೊಂಡು ಕೂತುಬಿಡುತ್ತೇನೆ. ಯಾವ ತಿರುವಿನಲ್ಲಿ ಟವರ್ ಹೋಗುತ್ತದೆ, ಯಾವ ಮೋರಿ ದಾಟಿದರೆ ಮತ್ತೆ ಸಿಗುತ್ತದೆ ಎಂಬುದೆಲ್ಲ ನನಗೆ ಬಾಯಿಪಾಠ. ಪಕ್ಕದ ಸೀಟಿನವರ ಫೋನು ನಿಂತುಹೋದರೆ, "ಆ ಹುಣಸೆಮರ ಬರ್ಲಿ ತಡೀರಿ" ಎಂದು ಧೈರ್ಯ ಹೇಳುವಷ್ಟು ಪಾಂಡಿತ್ಯ ಸಂಪಾದಿಸಿದ್ದೇನೆ. ಈ ಪಾಂಡಿತ್ಯವೇ ನನಗೆ ಮುಳುವಾಯಿತು.

ನಮ್ಮ ಅತ್ತೆ ಗೌರಮ್ಮನವರು ಇದಕ್ಕೆ ತದ್ವಿರುದ್ಧ. ಅವರದು ಡಿಶ್ ಪಕ್ಷ. ಮನೆಯ ತಾರಸಿಯ ಮೇಲಿರುವ ಡಿಶ್ಶನ್ನು ಅವರು ಛತ್ರಿ ಎನ್ನುತ್ತಾರೆ. ಅದರ ಮೇಲೆ ಕಾಗೆ ಕೂತರೂ ಅಂಗಳದಿಂದಲೇ ಗದರುತ್ತಾರೆ. ಫೋನಿನಲ್ಲಿ ಟಿವಿ ನೋಡಬಹುದು ಎಂದು ನಾನು ಎಷ್ಟು ಸಲ ವಿವರಿಸಿದರೂ ಅವರಿಗೆ ಒಪ್ಪಿಗೆಯಾಗಿರಲಿಲ್ಲ. "ಛತ್ರಿ ಮನೆ ಮ್ಯಾಲೆ ಐತೆ, ಕಣ್ಣಿಗೆ ಕಾಣ್ತದೆ. ನಿನ್ ನೆಟ್ಟು ಎಲ್ಲೈತೆ, ತೋರ್ಸು ನೋಡಾನ" ಎಂದು ಒಂದು ದಿನ ಕೇಳಿದರು. ನಾನು ಅತ್ತ ಇತ್ತ ನೋಡಿದೆ. ಅವರ ವಾದಕ್ಕೆ ಬೆನ್ನೆಲುಬಾಗಿ ನಿಂತವನು ಅವರ ತಮ್ಮನ ಮಗ ರುದ್ರೇಶ. ಊರಿನಲ್ಲಿ ಡಿಶ್ ಕೂರಿಸುವ, ಟಿವಿ ರಿಪೇರಿ ಮಾಡುವ ಅಂಗಡಿ ಅವನದು. ನನ್ನನ್ನು ಅಕ್ಕ ಅಂತಲೇ ಕರೆಯುತ್ತಾನೆ, ಗೌರವಕ್ಕೇನೂ ಕೊರತೆಯಿಲ್ಲ. ಆದರೆ ನನ್ನ ಫೋನನ್ನು ಕಂಡರೆ ನಾಟಿ ವೈದ್ಯರು ಇಂಗ್ಲಿಷ್ ಮಾತ್ರೆ ನೋಡುವಂತೆ ನೋಡುತ್ತಾನೆ.

ಅತ್ತೆ ಸೋಬಾನೆ ಹಾಡುತ್ತಾರೆ. ಸುತ್ತಮುತ್ತಲ ಊರುಗಳಲ್ಲಿ ಅವರು ಹಾಡದ ಮದುವೆಯಿಲ್ಲ. ಆದರೆ ಮದುವೆಮನೆಯಲ್ಲಿ ಸೋಬಾನೆಯನ್ನು ಯಾರು ಕೂತು ಕೇಳುತ್ತಾರೆ? ಒಂದು ಕಡೆ ವಾಲಗ, ಇನ್ನೊಂದು ಕಡೆ ಎಲೆ ಹಾಕುವ ಗಲಾಟೆ, ಮಧ್ಯೆ ಅತ್ತೆಯ ದನಿ. ಹೀಗೇ ಐವತ್ತು ವರ್ಷ ಹಾಡಿಕೊಂಡು ಬಂದವರನ್ನು ಹುಡುಕಿಕೊಂಡು ಒಂದು ದಿನ ಟಿವಿಯವರು ಬಂದರು. ಹಳ್ಳಿ ಹಾಡುಗಳ ಕಾರ್ಯಕ್ರಮವಂತೆ. ಅತ್ತೆ ಮೂರು ಸಲ ಬೇಡವೆಂದರು, ನಾಲ್ಕನೇ ಸಲ ಹೊಸ ರವಿಕೆ ಹೊಲಿಸಲು ಹಾಕಿದರು. ಬೆಳಗಿನಿಂದ ಮಧ್ಯಾಹ್ನದವರೆಗೆ ಹಾಡಿಸಿ, ಮನೆಯಲ್ಲೇ ಕಡುಬು ತಿಂದು, ಭಾನುವಾರ ಸಂಜೆ ಬರುತ್ತದೆ ಎಂದು ಹೇಳಿ ಅವರು ಹೋದರು. ಅತ್ತೆ ಯಾರಿಗೂ ಹೇಳಲಿಲ್ಲ. ಆದರೂ ಅದು ಹೇಗೋ ಇಡೀ ಊರಿಗೆ ಗೊತ್ತಾಗಿತ್ತು.

ಶನಿವಾರ ಸಂಜೆ ಟಿವಿಯವರ ಫೋನು ಬಂತು: ಕಾರ್ಯಕ್ರಮ ಸಂಜೆಯಲ್ಲ, ನಾಳೆ ಬೆಳಗ್ಗೆ ಹತ್ತಕ್ಕೆ. ನಾಳೆ ಬೆಳಗ್ಗೆ ಹನ್ನೊಂದೂವರೆಗೆ ಹೊಂಗಡಹಳ್ಳದಲ್ಲಿ ನನ್ನ ನಾದಿನಿಯ ಮಗಳ ನಿಶ್ಚಿತಾರ್ಥ. ಅಜ್ಜಿ ಹೋಗದೆ ಇರುವ ಪ್ರಶ್ನೆಯೇ ಇಲ್ಲ. ಬೇಗ ಹೊರಟು ನಾದಿನಿಯ ಮನೆಯಲ್ಲೇ ನೋಡೋಣ ಎಂದು ನಮ್ಮವರು ಹೇಳಿದರು. ಅತ್ತೆ ಒಪ್ಪಲಿಲ್ಲ. "ಬೀಗರು ಬಂದ್ ಕುಂತಿರ್ತಾರೆ. ಹೆಣ್ಣಿನ ಅಜ್ಜಿ ತನ್ ಮಕ ತಾನೇ ನೋಡ್ಕಂಡು ಟಿವಿ ಮುಂದೆ ಕುಂತವ್ಳೆ ಅಂದ್ರೆ ಏನ್ ತಿಳ್ಕಂಡಾರು? ಬ್ಯಾಡ ಬುಡು. ನನ್ ಮಕ ನಾನೇನ್ ನೋಡಿಲ್ವಾ" ಎಂದರು. ಹೇಳಿದ್ದು ಹಾಗೆ. ಆದರೆ ರಾತ್ರಿ ಊಟಕ್ಕೆ ಕೂತಾಗ ಒಂದೇ ಒಂದು ಮುದ್ದೆಯನ್ನೂ ಮುಗಿಸಲಿಲ್ಲ.

ಅದನ್ನು ನೋಡಲಾರದೆ ನಾನು ಬಾಯಿಬಿಟ್ಟೆ. "ಅತ್ತೆ, ದಾರೀಲೇ ನೋಡೋಣ. ಹತ್ತು ಗಂಟೆಗೆ ನಾವು ಗಾಡೀಲಿರ್ತೀವಿ. ನನ್ ಫೋನಲ್ಲಿ ಕನ್ನಡಿ ಹಿಡ್ದಂಗೆ ಕಾಣುತ್ತೆ." ಅಲ್ಲೇ ಇದ್ದ ರುದ್ರೇಶ, "ಅಕ್ಕ, ಹೊಂಗಡಹಳ್ಳಕ್ಕೆ ಹೋಗೋ ಬಿಸ್ಲೆ ರಸ್ತೇಲಿ ಟವರ್ ಸಿಗಲ್ಲ ಕಣಕ್ಕ. ನಾನೆಂಗಿದ್ರೂ ನನ್ ವ್ಯಾನಲ್ಲೇ ಕರ್ಕಂಡ್ ಹೋಯ್ತೀನಲ್ಲ, ಒಂದು ಡಿಶ್ಶು, ಸಣ್ಣ ಟಿವಿ ಹಾಕ್ಕಂಡ್ಬುಡ್ತೀನಿ" ಎಂದ. ಓಡುವ ಗಾಡಿಯಲ್ಲಿ ಡಿಶ್ ಕೆಲಸ ಮಾಡುತ್ತದೆಯೇ ಎಂದು ನಾನು ನಕ್ಕೆ. "ಓಡೋವಾಗ ಇಲ್ಲ, ನಿಂತ್ಕಂಡ್ರೆ ಮಾಡ್ತದೆ" ಎಂದ ಅವನು ನಗದೆ. ಹದಿನಾರು ವರ್ಷದ ನನ್ನ ಪಾಂಡಿತ್ಯವೆಲ್ಲ ಮಗ್ಗೆ ಮತ್ತು ಸಕಲೇಶಪುರದ ನಡುವಿನದು, ಸಕಲೇಶಪುರದ ಆಚೆ ನಾನು ಬರೀ ಅನಕ್ಷರಸ್ಥೆ ಎಂಬುದು ಆಗ ನನಗೆ ಹೊಳೆಯಲಿಲ್ಲ.

ಭಾನುವಾರ ಒಂಬತ್ತಕ್ಕೆ ಹೊರಟೆವು. ರುದ್ರೇಶ ಗಾಡಿ ಓಡಿಸುತ್ತಿದ್ದ, ಪಕ್ಕದಲ್ಲಿ ನಮ್ಮವರು, ಹಿಂದೆ ಅತ್ತೆ ಮತ್ತು ನಾನು, ನಮ್ಮ ಹಿಂದೆ ಹಣ್ಣಿನ ತಟ್ಟೆಗಳ ಜೊತೆ ಸಣ್ಣ ಟಿವಿ, ಡಿಶ್ಶು. ಸಕಲೇಶಪುರ ತಲುಪುವವರೆಗೆ ನನ್ನ ಫೋನು ರಾಜನಂತೆ ಓಡಿತು. ಹೇಮಾವತಿ ಸೇತುವೆಯ ಮೇಲೆ, "ಇಂದಿನ ಕಾರ್ಯಕ್ರಮದಲ್ಲಿ" ಎಂಬ ಜಾಹೀರಾತಿನ ನಡುವೆ ಅತ್ತೆಯ ಮುಖ ಒಂದು ಕ್ಷಣ ಮಿಂಚಿ ಹೋಯಿತು. ಅತ್ತೆ ನನ್ನ ಮೊಣಕೈ ಹಿಡಿದುಕೊಂಡರು. ಮದುವೆಯಾಗಿ ಬಂದ ಮೇಲೆ ಅವರು ನನ್ನ ಕೈ ಹಿಡಿದದ್ದು ಅದು ಎರಡನೇ ಸಲವಿರಬೇಕು. ಮೊದಲನೆಯದು ನಾನು ಜಾರಿ ಬಿದ್ದಾಗ. ನಾನು ಮುಂದಿನ ಸೀಟಿನ ರುದ್ರೇಶನಿಗೆ ಕೇಳಿಸುವಂತೆ ಗಂಟಲು ಸರಿಮಾಡಿಕೊಂಡೆ.

ಹತ್ತು ಗಂಟೆಗೆ ಕಾರ್ಯಕ್ರಮ ಶುರುವಾಯಿತು. ಮೊದಲು ಬೇರೆ ಊರಿನವರ ಬೀಸುವ ಪದ. ಅತ್ತೆ, "ಶ್ರುತಿ ಸಾಲ್ದು" ಎಂದು ಮೆಲ್ಲಗೆ ಅಭಿಪ್ರಾಯ ಕೊಟ್ಟರು. ರಸ್ತೆ ಏರುತ್ತಾ ತಿರುಗುತ್ತಾ ಹೋಯಿತು. ಎರಡೂ ಕಡೆ ಕಾಫಿ ತೋಟ, ಮೇಲೆ ಮುಚ್ಚಿಕೊಂಡ ನೆರಳುಮರಗಳು. ನಿರೂಪಕಿ ನಗುತ್ತಾ, "ಈಗ ನಾವು ಹೋಗೋಣ ಮಗ್ಗೆ" ಎಂದಳು. ಬಾಯಿ ತೆರೆದಂತೆಯೇ ನಿಂತಳು. ಪರದೆಯ ನಡುವೆ ಆ ಸಣ್ಣ ಚಕ್ರ ಸುತ್ತತೊಡಗಿತು.

ನಾನು ಫೋನನ್ನು ಕಿಟಕಿಯಿಂದ ಹೊರಗೆ ಚಾಚಿದೆ. ಎಡಕ್ಕೆ ಹಿಡಿದೆ, ಬಲಕ್ಕೆ ಹಿಡಿದೆ, ಆಫ್ ಮಾಡಿ ಆನ್ ಮಾಡಿದೆ. "ಒಂದ್ನಿಮಿಷ ಅತ್ತೆ, ಮರ ದಾಟಿದ್ರೆ ಬರುತ್ತೆ" ಎಂದೆ. ಮರ ದಾಟಿತು, ಇನ್ನೊಂದು ಮರ ಬಂತು. ಆ ರಸ್ತೆಯಲ್ಲಿ ಮರಕ್ಕೇನು ಬರ. ಅತ್ತೆ ನನ್ನ ಮೊಣಕೈ ಬಿಟ್ಟು ಸೆರಗು ಸರಿಮಾಡಿಕೊಂಡರು. "ಇರ್ಲಿ ಬುಡು ಸುಮಾ" ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ರುದ್ರೇಶ ಮುಂದಿನ ತಿರುವಿನಲ್ಲಿ ಗಾಡಿಯನ್ನು ಒಂದು ಎಸ್ಟೇಟಿನ ಗೇಟಿನೊಳಕ್ಕೆ ತಿರುಗಿಸಿದ. ಎಲ್ಲಿಗೆ ಎಂದು ನಮ್ಮವರು ಕೇಳಿದರು. "ಕಣಕ್ಕೆ, ಭಾವ. ಈ ತೋಟದಾಗೆ ಆಕಾಶ ಕಾಣೋದು ಅದೊಂದೇ ಜಾಗ" ಎಂದ. ನಿಜ, ಆ ಹಸಿರು ಕತ್ತಲೆಯ ನಡುವೆ ಕಾಫಿ ಒಣಗಿಸುವ ಕಣ ಮಾತ್ರ ಬಟಾಬಯಲಾಗಿತ್ತು. ಇಡೀ ಕಣದ ತುಂಬ ಕಾಫಿ ಹರವಿದ್ದರು. ಕೂಲಿ ಲೈನಿನ ಐದಾರು ಹೆಂಗಸರು ಅದನ್ನು ಕೆದಕಿ ತಿರುವಿಹಾಕುತ್ತಿದ್ದರು. ಸ್ಟೋರಿನ ಕಡೆಯಿಂದ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಬಂದು ವಿಚಾರಿಸಿದ. ರುದ್ರೇಶ ವಿಷಯ ಹೇಳಿದ. ರೈಟರು ಅತ್ತೆಯನ್ನೊಮ್ಮೆ, ಡಿಶ್ಶನ್ನೊಮ್ಮೆ ನೋಡಿ, "ಇಟ್ಕಳ್ಳಿ. ಆದ್ರೆ ಕಾಫಿ ಮ್ಯಾಲೆ ನೆಳ್ಳು ಬೀಳಂಗಿಲ್ಲ ಕಣ್ರೀ, ಸಾವ್ಕಾರ್ರು ಕೇಳ್ತಾರೆ" ಎಂದ.

ಡಿಶ್ ಇಳಿಸಿ ನೋಡಿದರೆ ಸ್ಟ್ಯಾಂಡಿನ ಬೋಲ್ಟು ಇಲ್ಲ. ರುದ್ರೇಶ ಎರಡನೇ ಯೋಚನೆಯಿಲ್ಲದೆ ಡಿಶ್ಶನ್ನು ನಮ್ಮವರ ಕೈಗೆ ಕೊಟ್ಟು ಕಣದ ಅಂಚಿನ ಕಟ್ಟೆಯ ಮೇಲೆ ನಿಲ್ಲಿಸಿದ. "ಹತ್ತು ಗಂಟೆ ಸೂರ್ಯನ್ ಕಡೆ ಮಕ ಮಾಡಿ ಭಾವ. ಇನ್ನೊಂಚೂರು ಮ್ಯಾಕೆ. ಹಾಂ, ಉಸ್ರು ಬಿಡ್ಬ್ಯಾಡಿ." ಜರಿ ಅಂಚಿನ ಪಂಚೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನಿಶ್ಚಿತಾರ್ಥಕ್ಕೆ ಹೊರಟ ಸೋದರಮಾವ ತೋಟದ ನಡುವೆ ಸೂರ್ಯನಿಗೆ ತಟ್ಟೆ ಹಿಡಿದು ನಿಂತರು. ಆಗ ನನ್ನ ಮನಸ್ಸಿನಲ್ಲಿ ಬಂದದ್ದನ್ನು ಹೇಳಿಬಿಡುತ್ತೇನೆ: ಈ ಡಿಶ್ಶಿಗೂ ಏನೂ ಸಿಗದಿರಲಿ ಎಂದು ಒಂದರ್ಧ ನಿಮಿಷ ನಾನು ಬೇಡಿಕೊಂಡೆ. ಅಷ್ಟರಲ್ಲಿ ಅತ್ತೆಯ ಕಡೆ ಕಣ್ಣು ಹೋಯಿತು. ವ್ಯಾನಿನ ಮೆಟ್ಟಿಲ ಮೇಲೆ ಕೂತು, ಕೈ ಮಡಿಚಿಕೊಂಡು, ವ್ಯಾನಿನ ಬ್ಯಾಟರಿಗೆ ಸಿಕ್ಕಿಸಿಟ್ಟ, ಇನ್ನೂ ಖಾಲಿಯಾಗಿದ್ದ ಆ ಸಣ್ಣ ಟಿವಿಯನ್ನು ನೋಡುತ್ತಿದ್ದರು. ಬೇಡಿಕೆಯನ್ನು ಗಡಿಬಿಡಿಯಿಂದ ವಾಪಸು ತೆಗೆದುಕೊಂಡೆ.

ಚಿತ್ರ ಬಂತು. ಸ್ವಚ್ಛವಾಗಿ ಬಂತು. ನಮ್ಮ ಮನೆಯ ಜಗುಲಿ, ಹೊಸ ರವಿಕೆ, ಅತ್ತೆ. ಮಾತುಕತೆಯೆಲ್ಲ ಮುಗಿದಿರಬೇಕು, ಹಾಡು ಆಗಲೇ ಶುರುವಾಗಿತ್ತು, ಬಾಯಿ ಆಡುತ್ತಿತ್ತು. ದನಿ ಮಾತ್ರ ಇಲ್ಲ. ರುದ್ರೇಶ ಬಟನು ಒತ್ತಿದ, ತಟ್ಟಿದ, ಆಮೇಲೆ ತಲೆ ತಗ್ಗಿಸಿದ. ಆ ಟಿವಿ ರಿಪೇರಿಗೆ ಬಂದದ್ದಂತೆ. ಅದರ ಸ್ಪೀಕರ್ ಬಿಚ್ಚಿ ಅಂಗಡಿಯ ಮೇಜಿನ ಮೇಲಿಟ್ಟಿದ್ದನಂತೆ. "ಸ್ಪೀಕರ್ ಮಗ್ಗೇಲೇ ಉಳ್ದ್ಬುಡ್ತು ಅತ್ತೆ" ಎಂದ, ಅಳುವ ಹಾಗೆ.

ನನ್ನ ಫೋನು, ಅವನ ಡಿಶ್ಶು, ಎರಡೂ ಕೂಡಿ ಒಬ್ಬ ಮುದುಕಿಯ ಹಾಡನ್ನು ಅವಳಿಗೇ ಕೇಳಿಸಲಾರದೆ ಹೋದವು. ಅತ್ತೆ ಮಾತ್ರ ಪರದೆಗೆ ಇನ್ನಷ್ಟು ಹತ್ತಿರ ಬಗ್ಗಿದರು. ತಮ್ಮ ತುಟಿಗಳನ್ನೇ ಓದಿದರು. "ಮೂರ್ನೇ ನುಡಿ" ಎಂದರು. ಆಮೇಲೆ ಹಾಡತೊಡಗಿದರು.

ಟಿವಿಯೊಳಗಿನ ಅತ್ತೆ ಬಾಯಿ ಆಡಿಸಿದ ಹಾಗೆ ಹೊರಗಿನ ಅತ್ತೆ ದನಿ ಕೊಟ್ಟರು. ಒಂದೆರಡು ಸಾಲು ಹಿಂದೆ ಬಿದ್ದರು, ಓಡಿ ಹಿಡಿದರು. "ಅವತ್ತು ಯಾಕಿಷ್ಟು ಅವಸ್ರ ಮಾಡ್ದೆ ನಾನು" ಎಂದು ಮಧ್ಯೆ ತಮ್ಮನ್ನೇ ಬೈದುಕೊಂಡರು. ಕಣದ ಹೆಂಗಸರು ಕೆಲಸ ನಿಲ್ಲಿಸಿ ಹತ್ತಿರ ಬಂದಿದ್ದರು. ಟಿವಿ ನೋಡಿದರು, ಅತ್ತೆಯನ್ನು ನೋಡಿದರು, ಮತ್ತೆ ಟಿವಿ ನೋಡಿದರು. "ಏ, ಇವ್ರೇ ಕಣೇ ಅವ್ರು" ಎಂದಳು ಒಬ್ಬಳು. ಪಲ್ಲವಿ ಬಂದಾಗ ಅವರಲ್ಲಿ ಇಬ್ಬರು ಸೋಬಾನೆ ಎಂದು ದನಿಗೂಡಿಸಿದರು, ಮುಂದಿನ ಪಲ್ಲವಿಗೆ ಎಲ್ಲರೂ. ಅಷ್ಟರಲ್ಲಿ ಟಿವಿಯಲ್ಲಿ ಅತ್ತೆ ಹೋಗಿ ಸೋಪಿನ ಜಾಹೀರಾತು ಬಂತು. ಹಾಡು ನಿಲ್ಲಲಿಲ್ಲ. ಟಿವಿಯವರು ಕತ್ತರಿಸಿದ ನುಡಿಗಳನ್ನೆಲ್ಲ ಅತ್ತೆ ಅಲ್ಲಿ ಪೂರಾ ಹಾಡಿದರು. ವಾಲಗವಿಲ್ಲ, ಎಲೆ ಹಾಕುವವರಿಲ್ಲ. ಡಿಶ್ಶಿನ ನೆರಳು ಸರಿದು ಕಾಫಿಯ ಮೇಲೆ ಬಿದ್ದಿತ್ತು. ರೈಟರು ಅದನ್ನು ನೋಡಿಯೂ ನೋಡದವನಂತೆ ನಿಂತಿದ್ದ.

ಹಾಡು ಮುಗಿದು ಎಷ್ಟೋ ಹೊತ್ತಾದ ಮೇಲೆ ನಮಗೆ ನಮ್ಮವರ ನೆನಪಾಯಿತು. ಟಿವಿಗೆ ಬೆನ್ನು ಹಾಕಿ ಇನ್ನೂ ಹಾಗೇ ಡಿಶ್ ಹಿಡಿದು ನಿಂತಿದ್ದರು. "ಇಳಿಸ್ಬೋದಾ" ಎಂದರು. ಏನೂ ನೋಡಲಿಲ್ಲವಲ್ಲ ನೀವು ಎಂದೆ. "ಅವ್ವನ ಹಾಡು ಮೊದ್ಲಿಂದ ಕೊನೆವರ್ಗೂ ನಾನು ಯಾವತ್ತೂ ಕೇಳಿರ್ಲಿಲ್ಲ ಕಣೆ. ಮದ್ವೆ ಅಂದ್ರೆ ನಂಗೆ ಬರೀ ಅಡಿಗೆ ಉಸ್ತುವಾರಿ" ಎಂದು ಹೇಳಿ ತೋಳು ಒತ್ತಿಕೊಂಡರು. ಅವರು ಅಷ್ಟು ಮಾತಾಡುವುದೇ ಅಪರೂಪ.

ಹೊಂಗಡಹಳ್ಳ ತಲುಪುವಾಗ ಅರ್ಧ ಗಂಟೆ ತಡವಾಗಿತ್ತು. ಶಾಸ್ತ್ರ ಮಾಡಿಸುವ ಅಯ್ಯನವರು ಕಾದು ಕೂತಿದ್ದರು. ಏನೆಂದು ನೆಪ ಹೇಳಬೇಕೆಂದು ನಾವು ಗಾಡಿಯಲ್ಲೇ ಮೂರು ಬಗೆಯ ಪಂಕ್ಚರು ಯೋಚಿಸಿದ್ದೆವು. ಒಂದೂ ಬೇಕಾಗಲಿಲ್ಲ. ಬೀಗರ ಮನೆಯವರೆಲ್ಲ ಬಂದವರೇ ಟಿವಿ ಹಾಕಿಸಿಕೊಂಡು, ದನಿ ಸಮೇತ, ಅತ್ತೆಯ ಹಾಡು ಕೇಳಿದ್ದರು. ಗಂಡಿನ ಅಜ್ಜಿ ಬಾಗಿಲಿಗೇ ಬಂದು ಅತ್ತೆಯ ಕೈ ಹಿಡಿದು, "ಅರ್ಧಕ್ಕೇ ನಿಲ್ಲಿಸ್ಬುಟ್ರಲ್ಲ ಅವ್ರು. ಉಳ್ದಿದ್ದು ಇಲ್ಲಿ ಹಾಡಿ, ನಾನ್ ಕುಂತ್ಕಂಡ್ ಕೇಳ್ತೀನಿ" ಎಂದರು. ಉಂಗುರ ಬದಲಾಯಿಸುವಾಗ ಅತ್ತೆ ಹಾಡಿದರು. ಎಲೆ ಹಾಕುವವರನ್ನು ಆ ಅಜ್ಜಿಯೇ ಕಣ್ಣಿನಲ್ಲಿ ತಡೆದು ನಿಲ್ಲಿಸಿದರು.

ಆಮೇಲಿನ ಬೆಳವಣಿಗೆಯನ್ನು ಮಾತ್ರ ನಾನು ನಿರೀಕ್ಷಿಸಿರಲಿಲ್ಲ. ಮರುದಿನ ಆ ಕಾರ್ಯಕ್ರಮ ಫೋನಿನಲ್ಲಿ ಬೇಕಾದಾಗ ನೋಡುವಂತೆ ಸಿಕ್ಕಿತು. ಅತ್ತೆಗೆ ತೋರಿಸಿದೆ. ನಿಲ್ಲಿಸಬಹುದು, ಹಿಂದಕ್ಕೆ ಓಡಿಸಬಹುದು, ಮತ್ತೆ ಕೇಳಬಹುದು ಎಂದು ತಿಳಿದ ಮೇಲೆ ಅತ್ತೆ ಪಕ್ಷ ಬದಲಾಯಿಸಿಬಿಟ್ಟರು. ಈಗ ನನ್ನ ಫೋನಿನಲ್ಲಿ ಅವರ ಹಾಡು, ಅವರು ತಪ್ಪು ಹುಡುಕುವ ಬೇರೆ ಊರಿನವರ ಹಾಡು, ಹೊಸದಾಗಿ ಆ ಗಂಡಿನ ಅಜ್ಜಿ ಕಳಿಸುವ ಹಾಡು. ಬೆಳಗ್ಗೆ ಬಸ್ಸಿಗೆ ಹೊರಡುವಾಗ, "ಫೋನು ಇಲ್ಲೇ ಇಟ್ಟೋಗು ಸುಮಾ, ನಿಂಗೆ ಹೆಂಗೂ ಆಪೀಸಲ್ಲಿ ಒಂದು ಫೋನೈತಲ್ಲ" ಎನ್ನುತ್ತಾರೆ.

ಹೀಗಾಗಿ ಈಗ ಬಸ್ಸಿನಲ್ಲಿ ನಾನು ಬೆಟ್ಟ ನೋಡುತ್ತೇನೆ. ಚೆನ್ನಾಗಿಯೇ ಇವೆ. ಸಂಜೆ ಮನೆಗೆ ಬಂದು ಡಿಶ್ಶಿನ ಟಿವಿಯಲ್ಲಿ ಧಾರಾವಾಹಿ ಹಾಕಿಕೊಳ್ಳುತ್ತೇನೆ. ಮೊನ್ನೆ ಚಿತ್ರ ಸ್ವಲ್ಪ ಅಲ್ಲಾಡಿತೆಂದು ಅಂಗಳಕ್ಕಿಳಿದು ನೋಡಿದೆ. ಛತ್ರಿಯ ಮೇಲೆ ಕಾಗೆ ಕೂತಿತ್ತು. ನಾನು ಅದಕ್ಕೆ ಬೈದ ಬೈಗುಳವನ್ನು ಕೇಳಿ ಅತ್ತೆ ಒಳಗಿನಿಂದ, "ಮೆಲ್ಲಕ್ ಕಣೇ, ಇಲ್ಲಿ ಹಾಡು ಕೇಳ್ತಿಲ್ಲ" ಎಂದರು.