ಸಾವಿರ ಕಾಳರೂ ಒಂದು ಕಂಪ್ಯೂಟರೂ

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾಲ್ಕು ಕಪ್ ಗೆದ್ದ ನನ್ನನ್ನು ಒಂದು ಕಂಪ್ಯೂಟರ್ ಸೋಲಿಸುತ್ತದೆಂದು ಯಾರಾದರೂ ಹೇಳಿದ್ದರೆ, ಪರ-ವಿರೋಧ ಎರಡೂ ಕಡೆಯಿಂದ ಮಾತಾಡಿ ಅವರ ಬಾಯಿ ಮುಚ್ಚಿಸಿಬಿಡುತ್ತಿದ್ದೆ!

ಭೂಮಿ ಕೇಳಿದ ಕಾಡಿನ ಜನರ ಅರ್ಜಿಗಳನ್ನೆಲ್ಲ ಸರ್ಕಾರ ಆಗಷ್ಟೇ ಕಂಪ್ಯೂಟರಿಗೆ ತುಂಬಿಸಿತ್ತು. ಭೂಮಿ ಕೊಡುವುದಕ್ಕಿಂತ ಅದು ಸುಲಭ. ನಮ್ಮ ಗದ್ದೆಗೆ ನಾಟಿಗೆ ಬರುವ ತಿರುನೆಲ್ಲಿಯ ಕೆಂಪಜ್ಜಿಗೆ, ತೀರಿಹೋದ ಗಂಡ ಕಾಳನ ಅರ್ಜಿಯ ನಂಬರು ಬೇಕಿತ್ತು. ಅಂದು ಸಂಜೆ ನಾಲ್ಕರೊಳಗೆ ಅದನ್ನು ಅಧಿಕಾರಿಗೆ ಕೊಡದಿದ್ದರೆ ಅರ್ಜಿ ವಜಾ, ಭೂಮಿಯೂ ಇಲ್ಲ. ಅಜ್ಜಿಯ ಪರವಾಗಿ ವಾದಿಸಲು ನಾನೂ ಅವಳ ಜೊತೆ ಹೊರಟೆ. ಅಜ್ಜಿ ಬಾ ಎಂದು ಕೇಳಿರಲಿಲ್ಲ.

ಮಾನಂತವಾಡಿಯ ಕಚೇರಿಯಲ್ಲಿ ಕಂಪ್ಯೂಟರ್ ಮುಂದೆ ಕುಳಿತಿದ್ದ ಶೈಲಜಾ ಗಡಿಯ ಕುಟ್ಟದ ಕಡೆಯವಳು, ಕನ್ನಡ ಬಲ್ಲವಳು. "ಕಾಳ ಅಂತ ಹುಡುಕಿದ್ರೆ ಸಾವಿರ ಜನ ಬರ್ತಾರೆ ಮಾಷೇ. ಐವತ್ತೈವತ್ತೇ ತೆಗೆಯೋಣ. ಇದಕ್ಕೆ ಮೆಮೊರಿ ಕಮ್ಮಿ" ಎಂದಳು, ಮಲಯಾಳದ ಮರ್ಯಾದೆಯಂತೆ ನನ್ನನ್ನು ಮೇಷ್ಟ್ರೆಂದು ಕರೆದು.

ನಿಜ, ಅಜ್ಜನ ಹೆಸರನ್ನೇ ಮೊಮ್ಮಗನಿಗಿಡುವ ನಮ್ಮ ಕಡೆಯ ಆದಿವಾಸಿ ಹಾಡಿಗಳಲ್ಲಿ ಕಾಳರಿಗೆ ಬರವಿಲ್ಲ. ಆದರೆ ತತ್ವವೆಂದರೆ ತತ್ವ!

"ಮಾಹಿತಿಯನ್ನು ಮಗುವಿಗೆ ಗಂಜಿ ಕುಡಿಸಿದ ಹಾಗೆ ಚಮಚದಲ್ಲಿ ಕೊಡ್ತೀರಾ? ಪೂರ್ತಿ ಪಟ್ಟಿ ಒಟ್ಟಿಗೇ ಬರಲಿ!"

"ಹ್ಯಾಂಗ್ ಆಗ್ತದೆ."

"ಆಗಲಿ!"

ಆಯಿತು. ಅದನ್ನು ಆರಿಸಿ ಮತ್ತೆ ಎಬ್ಬಿಸಲು ಕಾಲು ಗಂಟೆ. ನಾನು ಮತ್ತೆ ವಾದಿಸಿದೆ, ಅದು ಮತ್ತೆ ನಿಂತಿತು. ಮೂರನೆಯ ಸಲ ನಿಂತಾಗ ಗಂಟೆ ಮೂರೂವರೆ.

ಮಗನೇ ಎಂದು ಕರೆದು ಕೆಂಪಜ್ಜಿ ಬಾಯಿಬಿಟ್ಟಳು. "ಮೋನೇ, ನಾಟಿಯ ಅಗೆ ಸಸಿ ಕಿತ್ತು ಎಲ್ಲಾ ಒಂದೇ ಹೊರೇಲಿ ಗದ್ದೆಗೆ ತರ್ತೀವಾ? ಕತ್ತು ಮುರೀತದೆ. ಒಂದ್ ಕಟ್ಟು ನೆಟ್ಟು, ಇನ್ನೊಂದ್ ಕಟ್ಟು ತರೋದು."

"ಅಜ್ಜೀ, ಅದು ಬೇಸಾಯ. ಇದು ವಿಜ್ಞಾನ!" ಎಂದು ಮೇಜು ಗುದ್ದಿದೆ. "ಜನರ ಹಕ್ಕನ್ನು ಕಂತಿನಲ್ಲಿ ಕೊಡುವ ಈ ವ್ಯವಸ್ಥೆಗೆ ಧಿಕ್ಕಾರ!"

ಆ ದಿನಗಳಲ್ಲಿ ನಕ್ಸಲರ ಭಯಕ್ಕೆ ಕಚೇರಿ ಕಚೇರಿಗೂ ಪೊಲೀಸ್ ಕಾವಲು. ಗಡ್ಡ, ಹೆಗಲಚೀಲ, ಏರಿದ ದನಿ: ಮೂರನ್ನೂ ನಾನೇ ಒದಗಿಸಿದ್ದೆ. ಬಾಗಿಲ ಬಳಿಯ ಪೇದೆ ನನ್ನ ತೋಳು ಹಿಡಿದ.

"ಸಖಾವೇ, ಕಾಮ್ರೇಡೇ, ಹೊರಗೆ ಬಾ. ಚೀಲದಲ್ಲಿ ಏನುಂಟು?"

"ಒಟ್ಟಿಗೇ ಸುರಿದು ನೋಡಿ ಸಾರ್, ಹೊತ್ತಾಯ್ತು!"

"ಬೇಡ. ಒಂದೊಂದೇ ತೆಗಿ."

ಕೊಡೆ. ಬುತ್ತಿ. ನನ್ನ ಅಷ್ಟೂ ಪ್ರಶಸ್ತಿಪತ್ರಗಳು. ಅವನ್ನು ಯಾಕೆ ತಂದಿದ್ದೆನೋ! ಪೇದೆ ಒಂದೊಂದನ್ನೇ ಅಕ್ಷರ ಕೂಡಿಸಿ ಓದಿದ. ಬಿಟ್ಟಾಗ ಗಂಟೆ ನಾಲ್ಕು ಹತ್ತು. ಅಜ್ಜಿಯ ಭೂಮಿ ಹೋಯಿತೆಂದು ಎದೆ ಬಡಿದುಕೊಂಡು ಒಳಗೋಡಿದೆ.

ಶೈಲಜಾ ಚಹಾ ಕುಡಿಯುತ್ತಿದ್ದಳು. "ನಾಲ್ಕಕ್ಕೆ ಮೊದಲೇ ಸಾಹೇಬರಿಗೆ ನಂಬರ್ ಕೊಟ್ಟಾಯ್ತು ಮಾಷೇ. ನೀವು ಹೊರಗೆ ಹೋದದ್ದೇ ಒಳ್ಳೇದಾಯ್ತು. ಮೊದಲ ಐವತ್ತು ನೋಡಿ ಬಿಟ್ವಿ, ಎರಡನೇ ಐವತ್ತರಲ್ಲೇ ಅಜ್ಜಿಯ ಕಾಳ ಸಿಕ್ಕಿದ."

ವಾಪಸು ಬಸ್ಸಿನಲ್ಲಿ ಬೇಗೂರಿನ ಕಾಡು ಬರುವವರೆಗೂ ತುಟಿ ಬಿಗಿಹಿಡಿದೆ. ಆಮೇಲೆ ಆಗಲಿಲ್ಲ.

"ಆದರೂ ಅಜ್ಜೀ, ತಾತ್ವಿಕವಾಗಿ ನೋಡಿದರೆ, ಮೊದಲನೆಯದಾಗಿ..."

"ಮಾತನ್ನೂ ಕಟ್ಟು ಕಟ್ಟಾಗಿ ತಾ ಮೋನೇ" ಎಂದಳು ಕೆಂಪಜ್ಜಿ. "ಇವತ್ತಿನ ಕಟ್ಟು ಮುಗೀತು."

ಇಡೀ ಬಸ್ಸು ನಕ್ಕಿತು. ನಾಲ್ಕು ಕಪ್ಪಿನ ಸರದಾರ ಅಲ್ಲೇ ಹ್ಯಾಂಗ್ ಆದ!